ಚಿನ್ನ ಹೋಯಿತು, ಗುಡ್ಡ ಉಳಿಯಿತು

ಕೋಲಾರದ ಚಿನ್ನದ ಗಣಿ ಎಂದೊಡನೆ ಎಲ್ಲರಿಗೂ ನೆನಪಾಗುವುದು ಅದರ ಆಳ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಕೆಳಗಿಳಿದಿತ್ತು. ಆದರೆ ಇಂದು ಕೆ.ಜಿ.ಎಫ್.ಗೆ ಹೋದವರ ಕಣ್ಣಿಗೆ ಬೀಳುವುದು ನೆಲದ ಮೇಲಿನ ಬೂದು ದಿಬ್ಬಗಳು. ಇವೇ ಸೈನೈಡ್ ಗುಡ್ಡಗಳು.

ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದು, ಮಿಕ್ಕ ಪುಡಿಯನ್ನು ಹೊರಗೆ ಸುರಿಯುತ್ತಿದ್ದರು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಗೆತ್ತಿಕೊಂಡ ಗಣಿಗಾರಿಕೆ 2001ರ ಫೆಬ್ರವರಿಯಲ್ಲಿ ನಿಂತಾಗ ಊರಿಗೆ ಉಳಿದದ್ದು ಸುಮಾರು 3.3 ಕೋಟಿ ಟನ್ ಪುಡಿ. ಗಾಳಿ ಎದ್ದರೆ ಅದು ಮನೆಯೊಳಗೇ ಬರುತ್ತದೆ.

ಈ ಪುಡಿಯಲ್ಲಿ ಇನ್ನೂ ಚಿನ್ನವಿದೆ. 13 ಗುಡ್ಡಗಳಿಂದ ಅದನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಆದರೆ ಟನ್ನಿಗೆ ಇರುವ ಚಿನ್ನ ಒಂದು ಗ್ರಾಮಿಗೂ ಕಡಿಮೆ. ಅದನ್ನೆಲ್ಲ ತೆಗೆದರೂ ಪುಡಿಯ ರಾಶಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ!

ಹಾಗಾದರೆ ಪುಡಿಯನ್ನೇನು ಮಾಡುವುದು? ಕೆನಡಾದಂಥ ದೇಶಗಳಲ್ಲಿ ಇಂಥ ಪುಡಿಗೆ ಸಿಮೆಂಟ್ ಬೆರೆಸಿ, ಅದಿರು ತೆಗೆದ ಪೊಳ್ಳುಗಳಿಗೇ ತುಂಬುತ್ತಾರೆ. ಕೆ.ಜಿ.ಎಫ್. ಸುರಂಗಗಳಲ್ಲಿ ಈಗ ನೀರು ನಿಂತಿದೆ. ಅಲ್ಲಿ ಆ ದಾರಿ ಸುಲಭವಲ್ಲ. ಇನ್ನೊಂದು ದಾರಿ ಇಟ್ಟಿಗೆ. ಎರೆಮಣ್ಣು, ಕೆಮ್ಮಣ್ಣು ಬೆರೆಸಿ ಸುಟ್ಟು, ಸಿಮೆಂಟ್ ಬೆರೆಸಿ ಸುಡದೆ ಇಟ್ಟಿಗೆ ಮಾಡಿ ನೋಡಿದ ವಿಜ್ಞಾನಿಗಳ ಅಧ್ಯಯನ 2007ರಲ್ಲೇ ಪ್ರಕಟವಾಗಿದೆ. ಗೋಡೆಗೆ ಬಳಸುವ ಮುನ್ನ ವಿಷಾಂಶ ಸೋರದೆಂದು ಖಚಿತಪಡಿಸಿಕೊಳ್ಳಬೇಕು.

ಆದ್ದರಿಂದ ಚಿನ್ನ ತೆಗೆಯುವ ಯೋಜನೆಯಲ್ಲೇ ಪುಡಿಯ ವಿಲೇವಾರಿಯೂ ಸೇರಿರಬೇಕು. ಇಲ್ಲವಾದರೆ ಚಿನ್ನ ಎರಡನೆಯ ಸಲವೂ ಊರು ಬಿಡುತ್ತದೆ, ದೂಳು ಮಾತ್ರ ಊರಿನವರ ಪಾಲಿಗೆ ಉಳಿಯುತ್ತದೆ.