ಆಳದ ನೀರಿಗೆ ಉಸಿರಿನ ಯಂತ್ರ: ಆಯ್ಕೆ ಹೇಗೆ?



ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿದರೆ ಅದು ಹಾಲಿನಂತೆ ಬೆಳ್ಳಗಾಗುವುದನ್ನು ನೀವು ಶಾಲೆಯ ಪ್ರಯೋಗಾಲಯದಲ್ಲಿ ನೋಡಿರುತ್ತೀರಿ. ನಾವು ಹೊರಬಿಡುವ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಸುಣ್ಣದೊಡನೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುವುದೇ ಇದಕ್ಕೆ ಕಾರಣ. ಈ ಸಣ್ಣ ಪ್ರಯೋಗದ ತತ್ತ್ವವನ್ನೇ ಆಧರಿಸಿದ ಒಂದು ಯಂತ್ರವು ಮನುಷ್ಯನನ್ನು ಸಮುದ್ರದಲ್ಲಿ, ನೀರು ತುಂಬಿದ ಗುಹೆಗಳಲ್ಲಿ ನೂರು ಮೀಟರಿಗೂ ಕೆಳಗೆ ಕರೆದೊಯ್ಯುತ್ತದೆ. ಅದರ ಹೆಸರು ಮುಚ್ಚಿದ ಮಂಡಲದ ರೀಬ್ರೀದರ್. ಬಿಟ್ಟ ಉಸಿರನ್ನು ಹೊರಗೆ ಹೋಗಗೊಡದೆ, ಶುದ್ಧಿಮಾಡಿ, ಅದನ್ನೇ ಮತ್ತೆ ಉಸಿರಾಡಲು ಕೊಡುವ ಯಂತ್ರ ಇದು. ಆಳದಲ್ಲಿ ಕೆಲಸ ಮಾಡುವ ಮುಳುಗುಗಾರನು ಇಂತಹ ಯಂತ್ರವನ್ನು ಯಾವ ಪ್ರಶ್ನೆಗಳನ್ನು ಕೇಳಿ ಆರಿಸಿಕೊಳ್ಳಬೇಕು ಎಂಬುದು ಇಂದಿನ ನಮ್ಮ ವಿಷಯ.

ಮೊದಲು ಒಂದು ಲೆಕ್ಕವನ್ನು ಮಾಡೋಣ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒತ್ತಡವು ಸುಮಾರು ಒಂದು ಬಾರ್ ಹೆಚ್ಚುತ್ತದೆ. ಮೇಲ್ಮೈಯಲ್ಲಿ 1 ಬಾರ್ ಇರುವ ಒತ್ತಡ 100 ಮೀಟರಿನಲ್ಲಿ 11 ಬಾರ್ ಆಗುತ್ತದೆ. ಸಾಧಾರಣ ಸ್ಕೂಬಾ ಸಾಧನದಲ್ಲಿ ಮುಳುಗುಗಾರನು ಸಿಲಿಂಡರಿನಿಂದ ಗಾಳಿ ಎಳೆದುಕೊಂಡು, ಉಸಿರನ್ನು ಗುಳ್ಳೆಗಳಾಗಿ ನೀರಿಗೆ ಬಿಡುತ್ತಾನೆ. ಮೇಲ್ಮೈಯಲ್ಲಿ ಅವನಿಗೆ ನಿಮಿಷಕ್ಕೆ 20 ಲೀಟರ್ ಬೇಕೆಂದುಕೊಂಡರೆ, 100 ಮೀಟರಿನಲ್ಲಿ ಮೇಲ್ಮೈ ಲೆಕ್ಕದಲ್ಲಿ 220 ಲೀಟರ್ ಬೇಕು. 200 ಬಾರ್ ಒತ್ತಡದಲ್ಲಿ ತುಂಬಿದ 12 ಲೀಟರಿನ ಸಿಲಿಂಡರಿನಲ್ಲಿ ಇರುವುದು 2400 ಲೀಟರ್. ಅದು ಹನ್ನೊಂದು ನಿಮಿಷಕ್ಕೂ ಸಾಲದು.

ಆದರೆ ನಮ್ಮ ದೇಹ ನಿಜವಾಗಿ ಖರ್ಚು ಮಾಡುವ ಆಮ್ಲಜನಕ ಎಷ್ಟು? ಸಾಧಾರಣ ಶ್ರಮದಲ್ಲಿ ನಿಮಿಷಕ್ಕೆ ಸುಮಾರು ಒಂದು ಲೀಟರ್. ಆಳ ಹೆಚ್ಚಿದರೂ ಈ ಖರ್ಚು ಹೆಚ್ಚುವುದಿಲ್ಲ. ಉಳಿದುದೆಲ್ಲ ಬಳಕೆಯಾಗದೆ ಗುಳ್ಳೆಯಾಗಿ ಹೋಗುತ್ತದೆ. ಹಾಗೆ ಹೋಗದಂತೆ ತಡೆದರೆ, 3 ಲೀಟರಿನ ಚಿಕ್ಕ ಸಿಲಿಂಡರಿನಲ್ಲಿರುವ 600 ಲೀಟರ್ ಆಮ್ಲಜನಕ ಲೆಕ್ಕದಲ್ಲಿ ಹತ್ತು ಗಂಟೆ ಬರಬೇಕು. ರೀಬ್ರೀದರಿನ ಆಕರ್ಷಣೆ ಇರುವುದು ಇಲ್ಲಿಯೇ.

ಈ ಉಪಾಯ ಹೊಸತಲ್ಲ. ಹೆನ್ರಿ ಫ್ಲೂಸ್ ಎಂಬ ಇಂಗ್ಲಿಷ್ ನಾವಿಕರು 1878ರಲ್ಲಿಯೇ ಇಂತಹ ಸಾಧನಕ್ಕೆ ಪೇಟೆಂಟ್ ಪಡೆದರು. 1880ರಲ್ಲಿ, ಬ್ರಿಟನ್ನಿನ ಸೆವರ್ನ್ ನದಿಯ ಕೆಳಗೆ ಅಗೆಯುತ್ತಿದ್ದ ಸುರಂಗದಲ್ಲಿ ನೀರು ತುಂಬಿಕೊಂಡಿದ್ದಾಗ, ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಮುಳುಗುಗಾರರು ಅದನ್ನು ಹೊತ್ತು, ಕತ್ತಲೆಯಲ್ಲಿ ಬಹುದೂರ ಸಾಗಿ, ಒಳಗಿದ್ದ ಕಬ್ಬಿಣದ ಬಾಗಿಲನ್ನು ಮುಚ್ಚಿ ಬಂದರು. ಫ್ಲೂಸ್ ಅವರ ಸಾಧನದಲ್ಲಿ ಇದ್ದುದು ಬರಿಯ ಆಮ್ಲಜನಕ. ಒತ್ತಡದಲ್ಲಿರುವ ಆಮ್ಲಜನಕ ಸೆಳೆತವನ್ನು ಉಂಟುಮಾಡುತ್ತದೆ ಎಂದು ಫ್ರಾನ್ಸಿನ ಶರೀರವಿಜ್ಞಾನಿ ಪಾಲ್ ಬರ್ಟ್ 1878ರಲ್ಲಿಯೇ ಪ್ರಕಟಿಸಿದ್ದರೂ, ಮುಳುಗುಗಾರರು ಅದನ್ನು ಪೂರ್ಣವಾಗಿ ಅರಿಯಲು ದಶಕಗಳೇ ಬೇಕಾದವು. ಇಂದು ಬರಿಯ ಆಮ್ಲಜನಕವನ್ನು 6 ಮೀಟರಿಗಿಂತ ಕೆಳಗೆ ಬಳಸುವುದಿಲ್ಲ.

ಇಂದಿನ ಯಂತ್ರದ ರಚನೆ ಹೀಗಿದೆ. ಬಾಯಿಯ ತುಂಡಿನಿಂದ ಎರಡು ಕೊಳವೆಗಳು ಹೊರಡುತ್ತವೆ. ಏಕಮುಖ ಕವಾಟಗಳಿರುವುದರಿಂದ ಉಸಿರು ಒಂದೇ ದಿಕ್ಕಿನಲ್ಲಿ ಸುತ್ತುತ್ತದೆ. ಬಿಟ್ಟ ಉಸಿರು ಒಂದು ಚೀಲವನ್ನು ಸೇರಿ, ಸೋಡಾ ಲೈಮ್ ಹರಳುಗಳನ್ನು ತುಂಬಿದ ಡಬ್ಬಿಯ ಮೂಲಕ ಹಾಯುತ್ತದೆ. ಅಲ್ಲಿ ಇಂಗಾಲದ ಡೈಆಕ್ಸೈಡ್ ಹೀರಲ್ಪಡುತ್ತದೆ. ಸಂವೇದಕಗಳು ಆಮ್ಲಜನಕವನ್ನು ಅಳೆಯುತ್ತವೆ. ಕಡಿಮೆಯಾದಷ್ಟನ್ನು ಒಂದು ಸಿಲಿಂಡರಿನಿಂದ ಸೇರಿಸಲಾಗುತ್ತದೆ. ಇಳಿಯುವಾಗ ಚೀಲ ಕುಗ್ಗದಂತೆ ಇನ್ನೊಂದು ಸಿಲಿಂಡರಿನಿಂದ ಬೆರಕೆ ಅನಿಲ ಬರುತ್ತದೆ. ಇದಕ್ಕೆ ಡೈಲ್ಯುಯೆಂಟ್ ಎಂದು ಹೆಸರು.

ಈಗ ಮುಖ್ಯವಾದ ಮಾತಿಗೆ ಬರೋಣ. ಸ್ಕೂಬಾ ಸಾಧನ ಕೆಟ್ಟರೆ ಸಾಮಾನ್ಯವಾಗಿ ಆಗಲೇ ತಿಳಿಯುತ್ತದೆ: ಗಾಳಿ ಬರುವುದಿಲ್ಲ, ಇಲ್ಲವೇ ಭೋರೆಂದು ಹೊರಗೆ ನುಗ್ಗುತ್ತದೆ. ರೀಬ್ರೀದರ್ ಕೆಟ್ಟರೆ ಹಾಗಲ್ಲ, ಉಸಿರು ಎಂದಿನಂತೆ ಬರುತ್ತಲೇ ಇರುತ್ತದೆ. ಉಸಿರು ಕಟ್ಟಿದಂತೆ ನಮಗೆ ಅನ್ನಿಸುವುದು ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ, ಆಮ್ಲಜನಕ ಇಳಿದಾಗ ಅಲ್ಲ. ಯಂತ್ರವು ಇಂಗಾಲದ ಡೈಆಕ್ಸೈಡನ್ನು ತೆಗೆಯುತ್ತಲೇ ಇದ್ದು ಆಮ್ಲಜನಕವನ್ನು ಕೊಡುವುದನ್ನು ಮಾತ್ರ ನಿಲ್ಲಿಸಿದರೆ, ಮುಳುಗುಗಾರನಿಗೆ ಯಾವ ಕಷ್ಟವೂ ತೋರದೆ ಮೂರ್ಛೆ ಬರಬಹುದು. ಆದುದರಿಂದ ಯಂತ್ರವನ್ನು ಆರಿಸುವವನು "ಇದು ಎಷ್ಟು ಆಳಕ್ಕೆ ಹೋಗುತ್ತದೆ?" ಎಂದು ಮೊದಲು ಕೇಳಬಾರದು. "ಇದು ಕೆಟ್ಟಾಗ ನನಗೆ ಹೇಗೆ ತಿಳಿಯುತ್ತದೆ? ತಿಳಿದ ಮೇಲೆ ನಾನು ಮೇಲೆ ಬರುವುದು ಹೇಗೆ?" ಎಂದು ಕೇಳಬೇಕು. ಯಂತ್ರದ ಒಂದೊಂದು ಭಾಗವನ್ನೂ ಈ ಎರಡು ಪ್ರಶ್ನೆಗಳಿಂದ ಪರೀಕ್ಷಿಸೋಣ.

ಅದಕ್ಕೂ ಮೊದಲು, ಈ ಯಂತ್ರ ಬೇಕೇ ಎಂಬುದನ್ನು ನಿರ್ಧರಿಸಬೇಕು. ನಮ್ಮ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಮೀನು, ಹವಳಗಳನ್ನು ನೋಡಲು ಇಳಿಯುವವರಿಗೆ ಸ್ಕೂಬಾ ಧಾರಾಳವಾಗಿ ಸಾಕು. ಸರಳವಾದ ಸಾಧನದಿಂದ ಆಗುವ ಕೆಲಸಕ್ಕೆ ಜಟಿಲವಾದ ಸಾಧನವನ್ನು ತರಬಾರದು. ಆಳ ಹೆಚ್ಚಾಗಿ, ಸಮಯ ಗಂಟೆಗಳಲ್ಲಿ ಎಣಿಸುವಂತಾದಾಗ ಮಾತ್ರ ಇದರ ಯೋಚನೆ ಮಾಡಬೇಕು.

ಮೊದಲನೆಯದು, ಸೋಡಾ ಲೈಮ್ ಡಬ್ಬಿ. ಹಲವು ಯಂತ್ರಗಳಲ್ಲಿ ಎರಡರಿಂದ ಮೂರು ಕಿಲೋ ಹರಳು ಹಿಡಿಸುತ್ತದೆ. ಆಮ್ಲಜನಕ ಹತ್ತು ಗಂಟೆ ಬಂದರೂ ಈ ಹರಳು ಅಷ್ಟು ಹೊತ್ತು ಬಾಳುವುದಿಲ್ಲ. ತಣ್ಣೀರಿನಲ್ಲಿ, ಹೆಚ್ಚು ಆಳದಲ್ಲಿ, ಹೆಚ್ಚು ಶ್ರಮದಲ್ಲಿ ಇನ್ನೂ ಬೇಗ ಮುಗಿಯುತ್ತದೆ. ಹರಳನ್ನು ಸಡಿಲವಾಗಿ ತುಂಬಿದರೆ ಉಸಿರು ಸಂದಿ ಹುಡುಕಿಕೊಂಡು ಶುದ್ಧಿಯಾಗದೆ ನುಸುಳುತ್ತದೆ. ಒಳಗೆ ನೀರು ಹೊಕ್ಕರೆ ಬಾಯಿಯನ್ನು ಸುಡುವ ಕ್ಷಾರದ್ರವವಾಗುತ್ತದೆ. ಆದುದರಿಂದ ತಯಾರಕರ ಜಾಹೀರಾತಿನ ಗಂಟೆಗಳನ್ನು ನಂಬದೆ, ಯುರೋಪಿನ ಇಎನ್ 14143 ಮಾನದಂಡದಂತೆ ತಣ್ಣೀರಿನಲ್ಲಿ, ಉಸಿರಾಡುವ ಯಂತ್ರಕ್ಕೆ ಜೋಡಿಸಿ ಮಾಡಿದ ಪರೀಕ್ಷೆಯ ಫಲಿತಾಂಶವನ್ನು ಕೇಳಬೇಕು. ಹರಳು ಎಲ್ಲಿಯವರೆಗೆ ಮುಗಿದಿದೆ ಎಂದು ಶಾಖದಿಂದ ತೋರಿಸುವ ಸಾಧನ ಕೆಲವು ಯಂತ್ರಗಳಲ್ಲಿದೆ. ಅದು ಉಪಯುಕ್ತವೇ, ಆದರೆ ನುಸುಳಿ ಬಂದ ಇಂಗಾಲದ ಡೈಆಕ್ಸೈಡನ್ನು ಅದು ಅಳೆಯುವುದಿಲ್ಲ. ಇಳಿಯುವ ಮುನ್ನ ಐದು ನಿಮಿಷ ಉಸಿರಾಡಿ ನೋಡುವ ಕ್ರಮವಿದೆ. ಅದರಿಂದ ಹರಳಿನ ದೋಷವನ್ನು ಎಲ್ಲರೂ ಗುರುತಿಸಲಾರರು ಎಂದು ಪ್ರಯೋಗಗಳು ತೋರಿಸಿವೆ. ಉಳಿಯುವುದು ಸರಿಯಾಗಿ ತುಂಬುವ ಅಭ್ಯಾಸ ಮತ್ತು ಬಳಸಿದ ನಿಮಿಷಗಳನ್ನು ತಪ್ಪದೆ ಬರೆದಿಡುವ ಶಿಸ್ತು.

ಎರಡನೆಯದು, ಉಸಿರಾಟದ ಶ್ರಮ. ಒತ್ತಡ ಹೆಚ್ಚಿದಂತೆ ಅನಿಲ ಸಾಂದ್ರವಾಗುತ್ತದೆ. ಮೇಲ್ಮೈಯಲ್ಲಿ ಒಂದು ಲೀಟರ್ ಗಾಳಿಯ ತೂಕ ಸುಮಾರು 1.3 ಗ್ರಾಂ. ಅದೇ ಗಾಳಿ 100 ಮೀಟರಿನಲ್ಲಿ ಲೀಟರಿಗೆ 14 ಗ್ರಾಂ ಆಗುತ್ತದೆ. ಇಂತಹ ಗಾಳಿಯನ್ನು ಎಳೆದು ಬಿಡುವುದೇ ಎದೆಯ ಸ್ನಾಯುಗಳಿಗೆ ದೊಡ್ಡ ಹೊರೆ. ಸಾರಜನಕದ ಅಮಲು ಬೇರೆ. ಲೀಟರಿಗೆ 5.2 ಗ್ರಾಂ ಒಳಗಿರುವುದು ಒಳ್ಳೆಯದು, 6.2 ಗ್ರಾಂ ಮೀರಬಾರದು ಎಂಬುದು ಇಂದಿನ ತಜ್ಞರ ಸಲಹೆ. ಅದಕ್ಕಾಗಿಯೇ ಹಗುರವಾದ ಹೀಲಿಯಮ್ಮನ್ನು ಬೆರೆಸುವುದು. ಶೇಕಡಾ 10 ಆಮ್ಲಜನಕ, 70 ಹೀಲಿಯಂ, 20 ಸಾರಜನಕ ಇರುವ ಬೆರಕೆ 100 ಮೀಟರಿನಲ್ಲಿ ಲೀಟರಿಗೆ ಸುಮಾರು 5.7 ಗ್ರಾಂ ಮಾತ್ರ. ಇದರ ಜೊತೆಗೆ ಕೊಳವೆಗಳ ಅಗಲ, ಡಬ್ಬಿಯೊಳಗೆ ಉಸಿರು ಸಾಗುವ ದಾರಿ, ಉಸಿರಿನ ಚೀಲ ಎದೆಯ ಮೇಲಿದೆಯೋ ಬೆನ್ನ ಮೇಲಿದೆಯೋ ಎಂಬುದು ಶ್ರಮವನ್ನು ನಿರ್ಧರಿಸುತ್ತವೆ. ಯಂತ್ರವನ್ನು ಅಂಗಡಿಯಲ್ಲಿ ನೋಡಿ ಆರಿಸದೆ, ನೀರಿನಲ್ಲಿ ಬೇರೆ ಬೇರೆ ಭಂಗಿಯಲ್ಲಿ ಉಸಿರಾಡಿ ಆರಿಸಬೇಕು.

ಇದು ಎಷ್ಟು ಗಂಭೀರವಾದ ಮಾತು ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ದಕ್ಷಿಣ ಆಫ್ರಿಕಾದಲ್ಲಿ ಬೂಸ್ಮನ್ಸ್‌ಗಾಟ್ ಎಂಬ ಸಿಹಿನೀರಿನ ಆಳವಾದ ಜಲಗುಹೆಯಿದೆ. ಹತ್ತು ವರ್ಷ ಹಿಂದೆ ಅಲ್ಲಿ ಮುಳುಗಿ ಸತ್ತಿದ್ದ ಯುವಕನೊಬ್ಬನ ದೇಹವನ್ನು ಆಸ್ಟ್ರೇಲಿಯಾದ ಡೇವಿಡ್ ಶಾ 2004ರಲ್ಲಿ ಸುಮಾರು 270 ಮೀಟರ್ ಆಳದಲ್ಲಿ ಕಂಡರು. ಅದನ್ನು ಮೇಲಕ್ಕೆ ತರಲು 2005ರ ಜನವರಿ 8ರಂದು ರೀಬ್ರೀದರ್ ಧರಿಸಿ ಮತ್ತೆ ಇಳಿದರು. ಕೆಳಗೆ ಹಗ್ಗ ಸಿಕ್ಕಿಕೊಂಡು ಅವರು ಶ್ರಮಪಡಬೇಕಾಯಿತು, ಉಸಿರು ವೇಗವಾಯಿತು, ಅಲ್ಲಿಯೇ ಪ್ರಾಣಬಿಟ್ಟರು. ಕೆಲವು ದಿನಗಳ ನಂತರ ಎರಡೂ ದೇಹಗಳು ಮೇಲಕ್ಕೆ ಬಂದವು. ಅವರ ಶಿರಸ್ತ್ರಾಣದ ಕ್ಯಾಮೆರಾದಲ್ಲಿ ಉಸಿರಿನ ಸದ್ದೂ ದಾಖಲಾಗಿತ್ತು. ಅದನ್ನು ಅಭ್ಯಸಿಸಿ ನ್ಯೂಜಿಲೆಂಡಿನ ವೈದ್ಯ ಸೈಮನ್ ಮಿಚೆಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ತೀರ್ಮಾನ ನಾವು ನೆನಪಿಡಬೇಕಾದದ್ದು: ಅಷ್ಟು ಸಾಂದ್ರವಾದ ಅನಿಲವನ್ನು ಬೇಕಾದಷ್ಟು ಎಳೆದು ಬಿಡಲು ಎದೆಗೆ ಸಾಧ್ಯವಾಗಲಿಲ್ಲ, ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿತು. ವೇಗವಾಗಿ ಉಸಿರಾಡಿದಷ್ಟೂ ಶ್ರಮ ಹೆಚ್ಚಿತು, ಶ್ರಮ ಹೆಚ್ಚಿದಷ್ಟೂ ಇಂಗಾಲದ ಡೈಆಕ್ಸೈಡ್ ಹೆಚ್ಚಿತು. ಯಂತ್ರ ಕೆಡದಿದ್ದರೂ ಮನುಷ್ಯ ಸಾಯಬಹುದು ಎಂಬುದು ಇಲ್ಲಿಯ ಪಾಠ.

ಮೂರನೆಯದು, ಆಮ್ಲಜನಕದ ನಿಯಂತ್ರಣ. ಉಸಿರಿನಲ್ಲಿ ಆಮ್ಲಜನಕದ ಆಂಶಿಕ ಒತ್ತಡ 0.16 ಬಾರಿಗಿಂತ ಕೆಳಗಿಳಿದರೆ ಮೂರ್ಛೆಯ ಭಯ, 1.6 ಮೀರಿದರೆ ಸೆಳೆತದ ಭಯ. ಸಾಮಾನ್ಯವಾಗಿ 1.2 ಅಥವಾ 1.3ರಲ್ಲಿ ಇಡುತ್ತಾರೆ. ಕೆಲವು ಯಂತ್ರಗಳಲ್ಲಿ ವಿದ್ಯುತ್ ಕವಾಟವೇ ಈ ಕೆಲಸ ಮಾಡುತ್ತದೆ. ಕೆಲವದರಲ್ಲಿ ಮುಳುಗುಗಾರನೇ ಗುಂಡಿ ಒತ್ತಬೇಕು. ಮೊದಲನೆಯದು ಕೈಗೆ ಬಿಡುವು ಕೊಡುತ್ತದೆ, ಆದರೆ ಅಂಕಿಗಳನ್ನು ನೋಡದಿರುವ ಅಲಕ್ಷ್ಯವನ್ನೂ ಕಲಿಸಬಹುದು. ಎರಡನೆಯದು ಸದಾ ಎಚ್ಚರ ಬೇಡುತ್ತದೆ. ಅದರ ಕೆಲವು ಮಾದರಿಗಳಲ್ಲಿ ಆಮ್ಲಜನಕ ಒಂದು ನಿಗದಿತ ಒತ್ತಡದಲ್ಲಿ ಸಣ್ಣ ರಂಧ್ರದಿಂದ ಹರಿಯುತ್ತಿರುತ್ತದೆ. ಸುತ್ತಲಿನ ನೀರಿನ ಒತ್ತಡ ಅದನ್ನು ಸಮೀಪಿಸಿದಂತೆ ಹರಿವು ಕುಂದಿ ನಿಲ್ಲುತ್ತದೆ. ಹೆಚ್ಚು ಆಳಕ್ಕೆ ಹೋಗುವವರು ಇದನ್ನು ಮೊದಲೇ ಕೇಳಿ ತಿಳಿಯಬೇಕು.

ಎರಡು ಬಗೆಯಲ್ಲೂ ಸಾಧಾರಣವಾಗಿ ಮೂರು ಸಂವೇದಕಗಳಿರುತ್ತವೆ. ಎರಡು ಒಂದು ಅಂಕಿ ಹೇಳಿ ಮೂರನೆಯದು ಬೇರೆ ಹೇಳಿದರೆ ಬಹುಮತವನ್ನು ನಂಬುವ ಪದ್ಧತಿ ಇದೆ. ಆದರೆ ಒಂದೇ ವಯಸ್ಸಿನ, ಒಂದೇ ತೇವವನ್ನು ಉಂಡ ಎರಡು ಸಂವೇದಕಗಳು ಒಟ್ಟಿಗೆ ತಪ್ಪು ಹೇಳಬಹುದು. ಬಹುಮತ ಬೇರೆ, ಸತ್ಯ ಬೇರೆ. ಆಗ ಲೆಕ್ಕವೇ ಸಾಕ್ಷಿ. ಶೇಕಡಾ 10 ಆಮ್ಲಜನಕದ ಡೈಲ್ಯುಯೆಂಟನ್ನು 100 ಮೀಟರಿನಲ್ಲಿ ಮಂಡಲಕ್ಕೆ ಪೂರ್ತಿ ಹಾಯಿಸಿದರೆ 11 ಬಾರಿನ ಹತ್ತನೇ ಒಂದು ಭಾಗ, ಅಂದರೆ 1.1 ತೋರಬೇಕು. ತೋರದ ಸಂವೇದಕ ಸುಳ್ಳು ಹೇಳುತ್ತಿದೆ. ಡೈಲ್ಯುಯೆಂಟ್ ಸುಲಭವಾಗಿ ಕೈಗೆ ಸಿಗುವ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಅಂಕಿಫಲಕಗಳಿರುವ ಯಂತ್ರವೇ ಮೇಲು. ಶಾ ಅವರ ನೆರವಿಗೆ ಇಳಿದಿದ್ದ ಡಾನ್ ಶರ್ಲಿ ಅವರ ಯಂತ್ರದ ನಿಯಂತ್ರಕ ಅಂದು ಸುಮಾರು 250 ಮೀಟರಿನಲ್ಲಿ ಒತ್ತಡಕ್ಕೆ ಒಡೆಯಿತು. ಕೈಯಿಂದಲೇ ಆಮ್ಲಜನಕ ಸೇರಿಸುತ್ತ, ಗಂಟೆಗಟ್ಟಲೆ ನಿಂತು ನಿಂತು ಏರಿ ಅವರು ಜೀವಸಹಿತ ಹೊರಬಂದರು. ಒಳಕಿವಿಗೆ ಶಾಶ್ವತ ಪೆಟ್ಟಾದರೂ ಬದುಕಿದರು. ವಿದ್ಯುತ್ ಉಪಕರಣ ಸತ್ತಾಗ ಕೈಯಿಂದ ನಡೆಸಲು ಬರುವಂತಿರಬೇಕು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ನಾಲ್ಕನೆಯದು, ತುರ್ತು ಅನಿಲ. ರೀಬ್ರೀದರ್ ಪೂರ್ತಿ ಕೈಕೊಟ್ಟರೆ ಸಾಧಾರಣ ಸಿಲಿಂಡರಿಗೆ ಬದಲಾಯಿಸಿಕೊಳ್ಳಬೇಕು. ಗಾಬರಿಯಾದವನು ನಿಮಿಷಕ್ಕೆ 30 ಲೀಟರ್ ಉಸಿರಾಡಿದರೂ, 100 ಮೀಟರಿನಲ್ಲಿ ಐದು ನಿಮಿಷಕ್ಕೆ 1650 ಲೀಟರ್ ಬೇಕು. ನಂತರ ಮೇಲೇರುವಾಗ, ರಕ್ತದಲ್ಲಿ ಕರಗಿದ ಅನಿಲ ಗುಳ್ಳೆಗಟ್ಟದಂತೆ ಅಲ್ಲಲ್ಲಿ ಬಹುಹೊತ್ತು ನಿಲ್ಲಬೇಕು. ಅದಕ್ಕೂ ಅನಿಲ ಬೇಕು. ಈ ಲೆಕ್ಕದಲ್ಲಿ ಸಿಲಿಂಡರುಗಳು ಹೊರಲಾರದಷ್ಟಾದರೆ ಕೆಲವರು ಎರಡನೆಯ ರೀಬ್ರೀದರನ್ನೇ ಒಯ್ಯುತ್ತಾರೆ. ಇಂಗಾಲದ ಡೈಆಕ್ಸೈಡಿನಿಂದ ಏದುಸಿರು ಬಿಡುವವನಿಗೆ ಬಾಯಿಯ ತುಂಡನ್ನು ತೆಗೆದು ಬೇರೊಂದನ್ನು ಇಟ್ಟುಕೊಳ್ಳುವುದು ಬಹಳ ಕಷ್ಟ. ಆದುದರಿಂದ ಒಂದು ಹಿಡಿ ತಿರುಗಿಸಿದರೆ ಅದೇ ಬಾಯಿತುಂಡಿಗೆ ತುರ್ತು ಅನಿಲ ಬರುವ ಕವಾಟವನ್ನು ಅನೇಕರು ಬಯಸುತ್ತಾರೆ. ಹಿಂತಿರುಗಲು ಬೇಕಾದ ಅನಿಲವನ್ನು ಒಯ್ಯಲಾಗದ ಆಳಕ್ಕೆ ಹೋಗಲು ಯಾವ ಯಂತ್ರವೂ ಅನುಮತಿ ಕೊಡುವುದಿಲ್ಲ.

ಕೊನೆಯದಾಗಿ, ಕೊಂಡ ಮೇಲಿನ ಮಾತು. ಬಿಡಿಭಾಗ ಮತ್ತು ದುರಸ್ತಿ ಹತ್ತಿರದಲ್ಲಿ ಸಿಗುತ್ತವೆಯೇ? ಅದೇ ಮಾದರಿಯ ಮೇಲೆ ತರಬೇತಿ ಕೊಡುವ ಗುರು ಇದ್ದಾರೆಯೇ? ಒಂದು ಯಂತ್ರವನ್ನು ಬಲ್ಲವನು ಇನ್ನೊಂದನ್ನು ಬಲ್ಲವನಲ್ಲ. ಅವಧಿ ಮುಗಿದ ಸಂವೇದಕವನ್ನು ಬದಲಾಯಿಸುವುದು, ಸೋರಿಕೆ ಪರೀಕ್ಷೆ ಮಾಡುವುದು, ಪರೀಕ್ಷಾಪಟ್ಟಿಯನ್ನು ಬಾಯಿಪಾಠವಾಗಿ ಹೇಳದೆ ಓದಿ ಗುರುತು ಹಾಕುವುದು, ಇವು ಬೇಸರದ ಕೆಲಸಗಳು. ಆದರೆ ಆಳದಲ್ಲಿ ಪ್ರಾಣ ಉಳಿಯುವುದು ಇವುಗಳಿಂದಲೇ.

ವಿದ್ಯಾರ್ಥಿಗಳೆ, ನಿಮ್ಮಲ್ಲಿ ಕೆಲವರು ಮುಂದೆ ನೌಕಾಪಡೆಯನ್ನೋ ಸಾಗರ ಸಂಶೋಧನೆಯನ್ನೋ ಸೇರಬಹುದು; ಹೆಚ್ಚಿನವರು ಈ ಯಂತ್ರವನ್ನು ಎಂದೂ ಹೊರಲಾರಿರಿ. ಆದರೂ ಪ್ರಾಣವನ್ನು ಒಪ್ಪಿಸುವ ಯಂತ್ರಗಳು ಎಲ್ಲರ ಬದುಕಿನಲ್ಲಿ ಬರುತ್ತವೆ. ವಾಹನವಾಗಲಿ, ವಿದ್ಯುತ್ ಉಪಕರಣವಾಗಲಿ, ಆಸ್ಪತ್ರೆಯ ಸಾಧನವಾಗಲಿ, ಅದು ಏನೇನು ಮಾಡಬಲ್ಲದು ಎಂದು ಕೇಳುವ ಜೊತೆಗೆ, ಕೆಟ್ಟಾಗ ಅದು ಹೇಗೆ ತಿಳಿಸುತ್ತದೆ, ಆಗ ನನಗೆ ಉಳಿಯುವ ದಾರಿ ಯಾವುದು ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ. ನಿಮ್ಮ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಪಾಠಗಳು ಆ ಪ್ರಶ್ನೆಗೆ ಉತ್ತರ ಹುಡುಕಲು ನೆರವಾಗುತ್ತವೆ.