ರಿಮೋಟಿನಲ್ಲಿರೋ ಸೂರ್ಯ, ರಿಮೋಟಿನಲ್ಲಿರೋ ಹನಿ

ಇವತ್ತಿನ ವಿಷಯ ಎಸಿ ರಿಮೋಟು. ನಗಬೇಡಿ. ದಿನಕ್ಕೆ ಹತ್ತು ಗಂಟೆ ಸರ್ವರ್ ಸಂಭಾಳಿಸೋ ಜನ ನಾವು. ಆದ್ರೆ ಮನೆ ಗೋಡೆ ಮೇಲಿರೋ ಆ ಬಿಳಿ ಪೆಟ್ಟಿಗೆಯ ಮೋಡ್ ಬಟನ್ ಒತ್ತಿದ್ರೆ ಏನಾಗುತ್ತೆ ಅಂತ ಕೇಳಿ, "ಕೂಲ್ ಹಾಕಿ 24ಕ್ಕೆ ಬಿಟ್ಬಿಡಿ" ಅಂತೀವಿ. ಆ 24 ಕೂಡ ನಾವು ಆರಿಸಿದ್ದಲ್ಲ, 2020ರ ಜನವರಿಯಿಂದ ಸ್ಟಾರ್ ಲೇಬಲ್ ಇರೋ ಎಸಿಗಳೆಲ್ಲ 24ರಲ್ಲೇ ಶುರುವಾಗಬೇಕು ಅಂತ ಕೇಂದ್ರದ ನಿಯಮ ಇದೆ. ನಾನೂ ಹಾಗೇ ಇದ್ದೆ, 2023ರ ನವೆಂಬರ್ ತನಕ.

ಆ ವರ್ಷ ಅಕ್ಟೋಬರ್ ಕೊನೆಗೆ ನಮಗೆ ಮಗಳು ಹುಟ್ಟಿದಳು. ಹೆರಿಗೆ ಇಲ್ಲೇ ಚೆನ್ನೈನಲ್ಲಿ. ಅತ್ತೆಗೆ ಹುಷಾರಿರಲಿಲ್ಲ, ಹಾಗಾಗಿ ಬಾಣಂತನಕ್ಕೆ ಬಂದವರು ನಮ್ಮಮ್ಮ, ತೀರ್ಥಹಳ್ಳಿ ಹತ್ತಿರದ ಹಳ್ಳಿಯಿಂದ. ನಮ್ಮ ಮನೆ ಶೋಳಿಂಗನಲ್ಲೂರಲ್ಲಿ, ಮೂರನೇ ಮಹಡಿ. ಅಮ್ಮ ಬಂದ ಮೊದಲ ದಿನವೇ ಎಸಿ ನೋಡಿ, "ಬಾಣಂತಿ ಕೋಣೆಯಲ್ಲಿ ಇದು ಎಂತಕ್ಕೆ ಮಾರಾಯ?" ಅಂದ್ರು. ಆಫ್ ಮಾಡಿದ್ವಿ.

ಇಲ್ಲಿ ಮಳೆ ನಮ್ಮೂರಿನ ಹಾಗೆ ಜೂನಿನಲ್ಲಿ ಬರೋದಲ್ಲ ಅಂತ ನಿಮಗೆಲ್ಲ ಗೊತ್ತು. ಈಶಾನ್ಯ ಮುಂಗಾರು, ಅಕ್ಟೋಬರ್‌ನಿಂದ ಡಿಸೆಂಬರ್. ನಮ್ಮೂರಲ್ಲಿ ಮಳೆ ಬಂದ್ರೆ ಥಂಡಿಯೂ ಬರುತ್ತೆ. ಇಲ್ಲಿ ಮಳೆ ಬರುತ್ತೆ, ಥಂಡಿ ಬರಲ್ಲ, ಬರೀ ತೇವ. ಹದಿನೈದು ದಿನದಲ್ಲಿ ಬೀರುವಿನ ಹಿಂದಿನ ಗೋಡೆಗೆ ಬೂಷ್ಟು ಬಂತು. ಅಮ್ಮ ತಂದಿದ್ದ ರೇಷ್ಮೆ ಸೀರೆ ಮಡಿಕೆಯಲ್ಲಿ ಬಿಳಿ ಪುಡಿ. ಮಗುವಿನ ಬಟ್ಟೆ ಎರಡು ದಿನವಾದ್ರೂ ಒಣಗಲ್ಲ. ರಾತ್ರಿ ಕೂಸಿಗೆ ಮೂಗು ಕಟ್ಟಿ ಗೊರಗೊರ. ನಾನೂರು ರೂಪಾಯಿಯ ಒಂದು ತೇವಾಂಶ ಮಾಪಕ ತರಿಸಿದೆ: 27 ಡಿಗ್ರಿ, ಶೇಕಡ 86.

"ಕೋಣೆ ಬೆಚ್ಚಗೆ ಮಾಡು, ಎಲ್ಲ ಸರಿ ಹೋಗ್ತದೆ" ಅಂದ್ರು ಅಮ್ಮ. ರಿಮೋಟಿನಲ್ಲಿ ಸೂರ್ಯನ ಚಿತ್ರ ಇತ್ತು. ಒತ್ತಿದೆ. ಪರದೆ ಮೇಲೆ ಸೂರ್ಯ ಬಂದ. ಇಂಡೋರ್ ಬಾಯಿ ತೆರೀತು. ಬಿಸಿ ಗಾಳಿ ಬರಲೇ ಇಲ್ಲ. ಹತ್ತು ನಿಮಿಷ ಕಾದೆ. ಮಾರನೇ ದಿನ ಸರ್ವಿಸಿನವರು ಬಂದು ನೋಡಿ ನಕ್ಕರು, "ಅದು ಸುಮ್ಮಾ ಇರುಕ್ಕು ಸಾರ್!" ಸುಮ್ನೆ ಇದೆ, ಅಷ್ಟೇ. ಒಂದೇ ರಿಮೋಟನ್ನ ಹತ್ತು ಮಾಡೆಲ್‌ಗೆ ಕೊಡ್ತಾರಂತೆ. ಸೂರ್ಯನ ಚಿತ್ರ ಇದ್ದ ಮಾತ್ರಕ್ಕೆ ನಿಮ್ಮ ಎಸಿ ಬಿಸಿ ಕೊಡುತ್ತೆ ಅಂತಲ್ಲ. 'ಹಾಟ್ ಆ್ಯಂಡ್ ಕೋಲ್ಡ್' ಅಂತ ಡಬ್ಬದ ಮೇಲೆ ಬರೆದಿರಬೇಕು.

ವ್ಯತ್ಯಾಸ ಏನು ಅಂತ ಒಂದು ನಿಮಿಷದಲ್ಲಿ ಹೇಳ್ತೀನಿ. ಎಸಿ ತಂಪನ್ನ ಹುಟ್ಟಿಸಲ್ಲ, ಒಳಗಿನ ಬಿಸಿಯನ್ನ ಹೊತ್ಕೊಂಡು ಹೋಗಿ ಹೊರಗೆ ಚೆಲ್ಲುತ್ತೆ. ಹೊರೋ ಕೂಲಿ ಗ್ಯಾಸು, ಮೇಸ್ತ್ರಿ ಕಂಪ್ರೆಸರ್. ಬಿಸಿ ಕೊಡೋ ಮಾಡೆಲ್ಲುಗಳಲ್ಲಿ ಹೊರಗಿನ ಯೂನಿಟ್ಟಿನಲ್ಲಿ ಇನ್ನೊಂದು ವಾಲ್ವ್ ಇರುತ್ತೆ, ನಾಲ್ಕು ದಾರಿಯದ್ದು. ಅದು ತಿರುಗಿದ್ರೆ ಗ್ಯಾಸಿನ ದಾರಿ ಉಲ್ಟಾ ಆಗುತ್ತೆ. ಆಗ ಹೊರಗಿನ ಗಾಳಿಯಲ್ಲಿರೋ ಬಿಸಿಯನ್ನ ಹೊತ್ತು ಒಳಗೆ ತರುತ್ತೆ. ಚೆನ್ನೈನಲ್ಲಿ ಮಾರೋ ಹೆಚ್ಚಿನ ಎಸಿಗಳಲ್ಲಿ ಆ ವಾಲ್ವ್ ಇರಲ್ಲ. ಯಾಕಿರಬೇಕು? ಜನವರಿ ರಾತ್ರಿಯೂ ಇಲ್ಲಿ 20ರ ಆಸುಪಾಸಲ್ಲೇ ನಿಲ್ಲುತ್ತೆ.

ಗುರ್ಗಾಂವ್, ನೋಯ್ಡಾ ಕಡೆ ಇರೋರಿಗೆ ಮಾತ್ರ ಈ ಸೂರ್ಯ ನಿಜವಾದ ಸೂರ್ಯ. ನಮ್ಮ ಭಾವ ಗುರ್ಗಾಂವ್‌ನಲ್ಲಿದ್ದಾರೆ. ಮೊದಲ ಚಳಿಗಾಲದಲ್ಲಿ ಫೋನ್ ಮಾಡಿ, "ಎಸಿ ಕೆಟ್ಟಿದೆ, ನಡುನಡುವೆ ಗಾಳಿ ನಿಂತು ಹೊರಗಿನ ಯೂನಿಟ್ಟಿಂದ ಹೊಗೆ ಬರ್ತಿದೆ" ಅಂದಿದ್ರು. ಅದು ಹೊಗೆ ಅಲ್ಲ, ಹಬೆ. ಚಳಿಯಲ್ಲಿ ಹೊರಗಿನ ಕಾಯಿಲ್ ಮೇಲೆ ಹಿಮ ಕಟ್ಟುತ್ತೆ, ಅದನ್ನ ಕರಗಿಸೋಕೆ ಯಂತ್ರ ಕೆಲವು ನಿಮಿಷ ತಾನೇ ಉಲ್ಟಾ ಓಡುತ್ತೆ. ಹೀಟ್ ಹಾಕಿದ ಕೂಡಲೇ ಫ್ಯಾನ್ ತಿರುಗದಿದ್ದರೂ ಗಾಬರಿ ಬೇಡ, ಒಳಗಿನ ಕಾಯಿಲ್ ಬಿಸಿಯಾಗೋ ತನಕ ಅದು ಕಾಯುತ್ತೆ. 20-22ಕ್ಕೆ ಇಟ್ಟು ರೆಕ್ಕೆಯನ್ನ ಕೆಳಕ್ಕೆ ತಿರುಗಿಸಿ, ಬಿಸಿ ಗಾಳಿ ತಾನಾಗಿ ಮೇಲೇರುತ್ತೆ. ರೂಮ್ ಹೀಟರ್ ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಬಿಸಿ ಕೊಟ್ರೆ, ಇದು ಚಳಿ ವಿಪರೀತ ಇಲ್ಲದಾಗ ಸುಮಾರು ಮೂರು ಕೊಡುತ್ತೆ.

ನಮ್ಮ ಕಥೆಗೆ ಬರೋಣ. ಸೂರ್ಯ ಕೈಕೊಟ್ಟ, ಉಳಿದಿದ್ದು ನೀರಿನ ಹನಿ. ಡ್ರೈ ಮೋಡ್.

ಎಸಿ ಹುಟ್ಟಿದ್ದೇ ಸೆಕೆಗಲ್ಲ, ತೇವಕ್ಕೆ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರ್ತಿರಲಿಲ್ಲ. ಅದಕ್ಕೆ ವಿಲ್ಲಿಸ್ ಕ್ಯಾರಿಯರ್ ಅನ್ನೋ ಎಂಜಿನಿಯರ್ ಯಂತ್ರ ರೂಪಿಸಿದ. ಮನುಷ್ಯರಿಗೆ ತಂಪಾಗಿದ್ದು ಆಮೇಲಿನ ಮಾತು. ಆ ಲೆಕ್ಕದಲ್ಲಿ ಡ್ರೈ ಅನ್ನೋದು ಎಸಿಯ ಮೂಲ ಕಸುಬು.

ಲೋಟಕ್ಕೆ ಐಸ್ ನೀರು ಹಾಕಿದ್ರೆ ಹೊರಗೆ ಬೆವರುತ್ತಲ್ಲ, ಅಷ್ಟೇ ಕೆಲಸ. 27 ಡಿಗ್ರಿ, ಶೇಕಡ 86 ತೇವ ಇರೋ ಗಾಳಿ 24 ಡಿಗ್ರಿಯ ಹತ್ತಿರಕ್ಕೆ ಇಳಿದ್ರೆ ಸಾಕು, ನೀರು ಬಿಡೋಕೆ ಶುರು. ಇಂಡೋರಿನ ಕಾಯಿಲ್ ಅದಕ್ಕಿಂತ ಬಹಳ ತಣ್ಣಗಿರುತ್ತೆ. ಡ್ರೈ ಮೋಡಿನಲ್ಲಿ ಫ್ಯಾನ್ ನಿಧಾನ, ಗಾಳಿ ಕಾಯಿಲ್ ಮೇಲೆ ಹೆಚ್ಚು ಹೊತ್ತು ನಿಂತು ಹೆಚ್ಚು ನೀರು ಬಿಡುತ್ತೆ. ಎಷ್ಟೋ ಮಾಡೆಲ್ಲುಗಳಲ್ಲಿ ಕಂಪ್ರೆಸರ್ ನಿಂತಾಗ ಫ್ಯಾನೂ ನಿಲ್ಲುತ್ತೆ. ಅದು ಬೇಕಂತಲೇ ಮಾಡಿರೋದು, ಫ್ಯಾನ್ ಓಡ್ತಾ ಇದ್ರೆ ಕಾಯಿಲ್ ಮೇಲಿನ ನೀರು ಮತ್ತೆ ಆವಿಯಾಗಿ ಕೋಣೆಗೇ ವಾಪಸ್ ಬರುತ್ತೆ. ಲೆಕ್ಕ ಹಾಕಿ ನೋಡಿದೆ: ನಮ್ಮ ಹತ್ತು-ಹನ್ನೆರಡು ಅಡಿ ಕೋಣೆಯ ಗಾಳಿಯಲ್ಲಿ ಮುಕ್ಕಾಲು ಲೀಟರ್ ನೀರು ಕಣ್ಣಿಗೆ ಕಾಣದ ಹಾಗೆ ತೇಲ್ತಾ ಇತ್ತು. ಬಟ್ಟೆ, ಹಾಸಿಗೆ, ಗೋಡೆಯಲ್ಲಿರೋದು ಬೇರೆ.

ಆ ರಾತ್ರಿ ಅಮ್ಮನನ್ನ ಒಪ್ಪಿಸಿ ಡ್ರೈ ಹಾಕಿ ಮಲಗಿದ್ವಿ. ಬೆಳಗಿನ ಜಾವ ಮೂರಕ್ಕೆ ಅಮ್ಮ ಎಬ್ಬಿಸಿದ್ರು. ಮಗುವಿನ ಪಾದ ಮುಟ್ಟಿ ನೋಡು ಅಂದ್ರು. ತಣ್ಣಗೆ. ಮಾಪಕದಲ್ಲಿ 22. ನಾನು ಮಾಡಿದ ತಪ್ಪು ಏನಂದ್ರೆ, ಡ್ರೈ ಅಂದ್ರೆ ತಂಪಿಲ್ಲದೆ ಬರೀ ಒಣಗಿಸೋದು ಅಂದ್ಕೊಂಡಿದ್ದೆ. ಅದೂ ತಂಪು ಮಾಡಿಯೇ ಒಣಗಿಸೋದು. ನೀರು ತೆಗೆದ ಗಾಳಿಯನ್ನ ಮತ್ತೆ ಬೆಚ್ಚಗೆ ಮಾಡೋ ವ್ಯವಸ್ಥೆ ನಮ್ಮ ಮನೆಗಳ ಎಸಿಯಲ್ಲಿ ಇಲ್ಲ. ಹೊರಗೆ ಬಿಸಿಲು ಇಲ್ಲದ ಮಳೆಗಾಲದಲ್ಲಿ ರಾತ್ರಿಯೆಲ್ಲ ಓಡಿಸಿದ್ರೆ ಕೋಣೆ ಇಳೀತಾನೇ ಹೋಗುತ್ತೆ.

ಮಾರನೇ ದಿನದ್ದನ್ನ ಹೇಳೋಕೆ ಈಗಲೂ ಸ್ವಲ್ಪ ಕಷ್ಟ.

ನಾನು ಆಫೀಸಿನಲ್ಲಿದ್ದೆ. ಹೊರಗೆ ಜೋರು ಮಳೆ. ಅಮ್ಮ ಊರಲ್ಲಿ ಮಾಡೋ ಹಾಗೇ ಮಾಡಿದ್ರು: ಇದ್ದಿಲ ಕೆಂಡ ಮಾಡಿ, ಮಣ್ಣಿನ ಅಗ್ಗಿಷ್ಟಿಕೆಗೆ ಹಾಕಿ, ಸಾಂಬ್ರಾಣಿ ಉದುರಿಸಿ ಬಾಣಂತಿ ಕೋಣೆಯಲ್ಲಿಟ್ಟರು. ಮಗುವಿನ ಬಟ್ಟೆ ಸುತ್ತ ಹರಡಿದ್ರು. ಒದ್ದೆ ಗಾಳಿ ಬರದಿರಲಿ ಅಂತ ಕಿಟಕಿ ಬಾಗಿಲು ಮುಚ್ಚಿದ್ರು. ಹೊಗೆ ಎಳ್ಕೊಳ್ಳಲಿ ಅಂತ ನನ್ನ ಹೆಂಡತಿ ಎಸಿಯನ್ನ ಫ್ಯಾನ್ ಮೋಡಿನಲ್ಲಿ ಹಾಕಿದ್ದಳು.

ನಾನು ಸಂಜೆ ಬಂದಾಗ ಅವಳಿಗೆ ತಲೆ ಸಿಡಿತ, ವಾಕರಿಕೆ. ಮಗು ಹಾಲಿಗೂ ಏಳದೆ ಮಲಗಿದೆ. ಅಮ್ಮ "ಬೆಚ್ಚಗಾಯ್ತು, ಚೆನ್ನಾಗಿ ನಿದ್ದೆ ಬಂದಿದೆ" ಅಂತಿದ್ದಾರೆ. ನನಗೆ ಏನೂ ಹೊಳೆದಿರಲಿಲ್ಲ, ಆದ್ರೆ ಕೋಣೆಯ ಗಾಳಿ ಉಸಿರು ಕಟ್ಟಿಸೋ ಹಾಗಿತ್ತು, ಕಿಟಕಿ ತೆರೆದೆ. ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಕೋಣೆಯಲ್ಲಿ ಕೆಂಡ ಇತ್ತಾ?" ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ, ರಕ್ತದಲ್ಲಿ ಆಮ್ಲಜನಕದ ಜಾಗದಲ್ಲಿ ತಾನೇ ಹೋಗಿ ಕೂರುತ್ತೆ. ಇಬ್ಬರಿಗೂ ಆಮ್ಲಜನಕ ಕೊಟ್ಟು ಒಂದು ರಾತ್ರಿ ಇಟ್ಕೊಂಡ್ರು. ಏನೂ ಆಗಲಿಲ್ಲ. ಆಗಬಹುದಿತ್ತು.

ಅಮ್ಮ ಆಸ್ಪತ್ರೆ ಬೆಂಚಿನ ಮೇಲೆ ಕೂತು ಒಂದೇ ಮಾತು: "ನಿನಗೂ ಹಾಗೇ ಮಾಡಿದ್ದು, ನಿನ್ನಣ್ಣನಿಗೂ ಹಾಗೇ ಮಾಡಿದ್ದು." ನಿಜ. ಊರ ಮನೆಗೆ ಹಂಚಿನ ಮಾಡು. ಸಂದುಸಂದಲ್ಲಿ ಗಾಳಿ ಆಡುತ್ತೆ, ಹೊಗೆ ತಾನಾಗಿ ಮೇಲೆ ಹೋಗುತ್ತೆ. ಬಚ್ಚಲೊಲೆ ಮೇಲೆ ಬಟ್ಟೆ ಒಣಗೋದೂ ಹಾಗೇ. ಬೆಂಕಿ ಗಾಳಿಯಲ್ಲಿರೋ ನೀರನ್ನ ತೆಗೆಯಲ್ಲ, ಗಾಳಿಯ ಹೊಟ್ಟೆ ದೊಡ್ಡದು ಮಾಡುತ್ತೆ. ನಮ್ಮ ಕೋಣೆಯ ಅದೇ ಗಾಳಿಯನ್ನ 33 ಡಿಗ್ರಿಗೆ ಏರಿಸಿದ್ರೆ ಶೇಕಡ 86 ಇದ್ದದ್ದು 62ರ ಹತ್ತಿರ ತೋರಿಸುತ್ತೆ, ನೀರು ಅಷ್ಟೇ ಇದ್ರೂ. ಆಮೇಲೆ ಆ ಬಿಸಿ ಗಾಳಿ ನೀರನ್ನ ಹೊತ್ತು ಹಂಚಿನ ಸಂದಿನಿಂದ ಹೊರಗೆ ಹೋಗುತ್ತೆ. ಅಮ್ಮನ ವಿದ್ಯೆಯಲ್ಲಿ ತಪ್ಪಿರಲಿಲ್ಲ. ಕಾಂಕ್ರೀಟಿನ ಡಬ್ಬಕ್ಕೆ ಹಂಚಿನ ಸಂದು ಇರಲಿಲ್ಲ.

ಹಾಗಂತ ನಮ್ಮ ವಿದ್ಯೆ ದೊಡ್ಡದಿತ್ತಾ? ಎಸಿ ಹೊಗೆಯನ್ನ ಹೊರಗೆ ಹಾಕುತ್ತೆ ಅಂದ್ಕೊಂಡಿದ್ದು ನಾವು, ಇಬ್ಬರು ಎಂಜಿನಿಯರುಗಳು. ದಯವಿಟ್ಟು ಇದೊಂದು ಕೇಳಿಸ್ಕೊಳ್ಳಿ. ನಮ್ಮ ಮನೆಗಳ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರಲ್ಲ, ಒಳಗಿನದ್ದನ್ನ ಹೊರಗೂ ಹಾಕಲ್ಲ. ಕೂಲ್, ಡ್ರೈ, ಫ್ಯಾನ್, ಹೀಟ್, ಯಾವುದೇ ಇರಲಿ, ಅದೇ ಗಾಳಿಯನ್ನೇ ತಿರುಗಿಸೋದು. ಎರಡು ಯೂನಿಟ್ಟಿನ ನಡುವೆ ಓಡಾಡೋದು ಗ್ಯಾಸಿನ ಪೈಪು, ವೈರು. ಹೊರಗೆ ಹೋಗೋದು ನೀರಿನ ಪೈಪು ಮಾತ್ರ. ಎಸಿ ಕೋಣೆಯಲ್ಲಿ ಕೆಂಡ, ಇದ್ದಿಲಿನ ಧೂಪ, ಗ್ಯಾಸ್ ಹೀಟರ್ ಬೇಡವೇ ಬೇಡ.

ಆಮೇಲೆ ನಾವು ಒಂದು ಒಪ್ಪಂದಕ್ಕೆ ಬಂದ್ವಿ. ಬೆಳಿಗ್ಗೆ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕೋ ಹೊತ್ತಿಗೆ ಬಾಣಂತಿ, ಮಗು ಇಬ್ಬರೂ ಹಾಲ್‌ನಲ್ಲಿ. ಆಗ ಕೋಣೆ ಖಾಲಿ. ಒದ್ದೆ ಬಟ್ಟೆಯೆಲ್ಲ ಸ್ಟ್ಯಾಂಡಿನ ಮೇಲೆ ಹರಡಿ, ಬೀರು ಬಾಗಿಲು ತೆರೆದು, ಕಿಟಕಿ ಮುಚ್ಚಿ, ಎರಡು ಗಂಟೆ ಡ್ರೈ. ಡ್ರೈನ್ ಪೈಪಿನ ಕೆಳಗೆ ಬಕೆಟ್ ಇಟ್ಟೆ. ಒಂದೂವರೆ ಲೀಟರ್ ಹತ್ತಿರ ನೀರು. ಆ ಬಕೆಟ್ ನೋಡಿದ ಮೇಲೇ ಅಮ್ಮನಿಗೆ ನಂಬಿಕೆ ಬಂದಿದ್ದು. "ಇಷ್ಟು ನೀರು ನಾವು ಉಸಿರಾಡ್ತಿದ್ವಾ?" ಅಂದ್ರು. ಮಾಪಕ ಶೇಕಡ 60ರ ಒಳಗೆ ಬಂದ್ರೆ ಆಫ್. ಅರ್ಧ ಗಂಟೆ ಬಿಟ್ಟು, ಕೋಣೆ ಮಾಮೂಲಿಗೆ ಬಂದ ಮೇಲೆ ಅವರಿಬ್ಬರೂ ಒಳಗೆ. ವಾರದಲ್ಲಿ ಗೋಡೆ ಒಣಗಿತು, ಮೂಗೂ ಬಿಟ್ಟಿತು. ಎರಡಕ್ಕೂ ಸಂಬಂಧ ಇತ್ತೋ ಇಲ್ಲವೋ, ಡಾಕ್ಟರಂತೂ ತಲೆ ಆಡಿಸಿದ್ರು.

ಡಿಸೆಂಬರ್ 4ಕ್ಕೆ ಮಿಚಾಂಗ್ ಚಂಡಮಾರುತ. ಕರೆಂಟ್ ಹೋಯ್ತು, ನಮ್ಮ ಕಡೆ ಎರಡು ದಿನ ಬರಲೇ ಇಲ್ಲ. ಹನಿಯೂ ಇಲ್ಲ, ಸೂರ್ಯನೂ ಇಲ್ಲ. ಆಗ ಎದುರುಬದುರು ಕಿಟಕಿ ತೆರೆಸಿ, ಬಟ್ಟೆಗಳನ್ನ ಕಾರಿಡಾರಿನಲ್ಲಿ ಹಗ್ಗ ಕಟ್ಟಿ ಒಣಗಿಸಿ, ಅಡುಗೆಮನೆಯ ದಪ್ಪ ತವಾ ಬಿಸಿ ಮಾಡಿ ಅದರಿಂದಲೇ ಇಸ್ತ್ರಿ ಹಾಕಿದ್ದು ಅಮ್ಮ. ನಾನು ಮಾಪಕ ಹಿಡ್ಕೊಂಡು ನಿಂತಿದ್ದೆ.

ಇನ್ನು ಬಿಡಿ ವಿಷಯಗಳು. ಮೇ ತಿಂಗಳ ಕತ್ತರಿ ಬಿಸಿಲಿಗೆ ಡ್ರೈ ಹಾಕಿ ಕರೆಂಟ್ ಉಳಿಸ್ತೀನಿ ಅನ್ನಬೇಡಿ, 38 ಡಿಗ್ರಿಯಲ್ಲಿ ಅದರ ನಿಧಾನದ ಫ್ಯಾನಿಗೆ ಶಕ್ತಿ ಸಾಲದು. ಆಗ ಕೂಲ್, 26, ಮೇಲೆ ಸೀಲಿಂಗ್ ಫ್ಯಾನ್. ಡ್ರೈ ಇರೋದು ಸೆಕೆ ಕಡಿಮೆ, ಅಂಟಂಟು ಜಾಸ್ತಿ ಇರೋ ದಿನಕ್ಕೆ. ಚಿಕ್ಕ ಕೋಣೆಗೆ ದೊಡ್ಡ ಎಸಿ ಹಾಕಿಸಬೇಡಿ, ಅದು ಬೇಗ ತಂಪು ಮಾಡಿ ನಿಂತುಬಿಡುತ್ತೆ, ನೀರು ತೆಗೆಯೋಕೆ ಪುರುಸೊತ್ತೇ ಇರಲ್ಲ. ಡ್ರೈ ಮುಗಿದ ಮೇಲೆ ಕಿಟಕಿ ಸ್ವಲ್ಪ ತೆರೆದು ಹದಿನೈದು ನಿಮಿಷ ಫ್ಯಾನ್ ಮೋಡ್ ಓಡಿಸಿದ್ರೆ ಇಂಡೋರಿನ ಒಳಗೆ ಬೂಷ್ಟು ಕಟ್ಟಲ್ಲ. ಅಷ್ಟು ತೇವ ಕೋಣೆಗೆ ವಾಪಸ್ ಬರುತ್ತೆ, ಬರಲಿ, ಎಸಿ ಹಾಕಿದಾಗ ಹಳೇ ಮೋಜಿನ ವಾಸನೆ ಬರೋದಕ್ಕಿಂತ ವಾಸಿ. ಮಳೆಗಾಲಕ್ಕೆ ಮುಂಚೆ ಡ್ರೈನ್ ಪೈಪ್ ಕ್ಲೀನ್ ಮಾಡಿಸಿ. ತಿರುವಾನ್ಮಿಯೂರು, ಬೆಸೆಂಟ್ ನಗರ ಕಡೆ ಸಮುದ್ರದ ಹತ್ತಿರ ಇರೋರು ಹೊರಗಿನ ಯೂನಿಟ್ಟಿನ ಕಾಯಿಲ್ ಮೇಲೂ ಕಣ್ಣಿಡಿ, ಉಪ್ಪು ಗಾಳಿ ತಿಂದು ಹಾಕುತ್ತೆ. ಬಿಲ್ಲಿಗೆ ಬೆಂಗಳೂರಿನ ಗೃಹಜ್ಯೋತಿ ಲೆಕ್ಕ ಇಲ್ಲಿ ನಡೆಯಲ್ಲ. ಇಲ್ಲಿ ಬಿಲ್ಲು ಎರಡು ತಿಂಗಳಿಗೊಮ್ಮೆ, 500 ಯೂನಿಟ್ ದಾಟಿದ್ರೆ ದರದ ಲೆಕ್ಕವೇ ಬೇರೆ.

ಅಮ್ಮ ಸಂಕ್ರಾಂತಿ ಮುಗಿಸಿ ಊರಿಗೆ ಹೊರಟ್ರು. ಹೋಗುವಾಗ ಮಾಪಕವನ್ನ ಕೇಳಿ ಇಸ್ಕೊಂಡ್ರು. ಜುಲೈನಲ್ಲಿ ಒಂದಿನ ಫೋನು. "97 ತೋರಿಸ್ತಾ ಉಂಟು ಮಾರಾಯ, ಹಾಳಾಗಿದೆಯಾ ಇದು?"

ಇಲ್ಲಮ್ಮ, ಸರಿಯಾಗೇ ಇದೆ ಅಂದೆ. "ಹಾಗಾದ್ರೆ ಸರಿ" ಅಂತ ಹೇಳಿ, ಬಚ್ಚಲೊಲೆಗೆ ಬೆಂಕಿ ಹಾಕೋಕೆ ಹೋದ್ರು.