ಶನಿವಾರ ವಾಡೆಯ ಕೂಗು

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನನಗೆ ಗೊತ್ತುಮಾಡಿದ ವಿಷಯ 'ಪುಣೆಯ ಪ್ರೇಕ್ಷಣೀಯ ಸ್ಥಳಗಳು' ಎಂಬುದು. ವಿಷಯ ದೊಡ್ಡದು, ನನ್ನ ಕಾಲುಗಳು ಹಳೆಯವು. ಎಲ್ಲ ಸ್ಥಳಗಳಿಗೂ ನಿಮ್ಮನ್ನು ಕರೆದುಕೊಂಡು ಹೋಗುವುದು ಈ ವಯಸ್ಸಿನಲ್ಲಿ ನನ್ನಿಂದಾಗದು. ಆದುದರಿಂದ ಒಂದೇ ಸ್ಥಳಕ್ಕೆ ಹೋಗಿ ಬರೋಣ. ಅದು ನಮ್ಮ ನೆಂಟರಿಷ್ಟರು ಊರಿನಿಂದ ಬಂದಾಗಲೆಲ್ಲ ನಾವು ಕರೆದೊಯ್ದು ತೋರಿಸುವ, ನಾವಾಗಿ ಮಾತ್ರ ಎಂದೂ ಹೋಗದ ಶನಿವಾರ ವಾಡೆ.

'ವಾಡೆ' ಎಂಬ ಮಾತಿಗೆ ನಮ್ಮ ಧಾರವಾಡದ ಕಡೆಯವರಿಗೆ ಅರ್ಥ ಹೇಳಬೇಕಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ದೇಸಾಯರ ವಾಡೆ, ದೇಶಪಾಂಡೆಯವರ ವಾಡೆ ಎಂದು ಇನ್ನೂ ಇವೆ. ಎತ್ತರದ ಗೋಡೆ, ದೊಡ್ಡ ಅಗಸೆ, ಒಳಗೆ ಅರ್ಧ ಬಿದ್ದ ಮಾಳಿಗೆ. ಮೈಸೂರು ಸೀಮೆಯವರು ಬೇಕಾದರೆ ಅರಮನೆಯೆನ್ನಲಿ. ಆದರೆ ಪೇಶ್ವೆಯರ ಈ ವಾಡೆ ಹೊರಗಿನಿಂದ ಅರಮನೆಯಂತಿಲ್ಲ, ಕೋಟೆಯಂತೆಯೆ ಇದೆ. ಒಂಬತ್ತು ಬುರುಜುಗಳು, ಐದು ಬಾಗಿಲುಗಳು. ಉತ್ತರಕ್ಕೆ ಮುಖಮಾಡಿದ ದಿಲ್ಲಿ ದರವಾಜೆಯ ಕದಗಳಿಗೆ ಆನೆ ಬಂದು ಹಣೆಯೊಡ್ಡಿ ನೂಕದಂತೆ ಚೂಪಾದ ಉಕ್ಕಿನ ಮೊಳೆಗಳನ್ನು ಬಡಿದಿದ್ದಾರೆ. ಮೊದಲನೆಯ ಬಾಜೀರಾಯರು 1730ರ ಜನವರಿ 10ರಂದು ಇದಕ್ಕೆ ಅಡಿಗಲ್ಲಿಟ್ಟರು. 1732ರ ಜನವರಿ 22ರಂದು ವಾಸ್ತುಶಾಂತಿಯಾಯಿತು. ಎರಡೂ ಶನಿವಾರಗಳು. ನಮ್ಮಲ್ಲಿ ಮನೆ ಕಟ್ಟುವ ಮಾತಿಗೆ ಯಾರೂ ಆ ವಾರವನ್ನು ಎತ್ತುವುದಿಲ್ಲ. ಬಾಜೀರಾಯರು ಶನಿದೇವರಿಗೂ ಅಂಜದ ಗಂಡಸು ಎಂದುಕೊಳ್ಳೋಣ. ಖರ್ಚು 16,110 ರೂಪಾಯಿ ಎಂದು ಹೇಳುತ್ತಾರೆ. ಈ ದಿನ ಪುಣೆಯಲ್ಲಿ ಅಷ್ಟಕ್ಕೆ ಒಂದು ಖೋಲಿ ತಿಂಗಳ ಬಾಡಿಗೆಗೂ ಸಿಕ್ಕೀತೆಂಬ ಭರವಸೆಯಿಲ್ಲ.

ಒಳಗೆ ಹೋದರೆ ಮಾತ್ರ ನಿರಾಶೆ ಕಾದಿದೆ. 1828ರ ಫೆಬ್ರುವರಿ 27ರಂದು ಹೊತ್ತಿದ ಬೆಂಕಿಯಲ್ಲಿ ಮರದ ಕೆಲಸವೆಲ್ಲ ಉರಿದುಹೋಗಿ, ಈಗ ಉಳಿದಿರುವುದು ಕಲ್ಲಿನ ಗೋಡೆ, ಬಾಗಿಲುಗಳು, ಮತ್ತು ಬರಿಯ ಜಗಲಿ. ಜಗಲಿಗಳ ನಡುವೆ ಹುಲ್ಲು, ಹುಲ್ಲಿನ ಮೇಲೆ ನೆಂಟರು, ನೆಂಟರ ಕೈಯಲ್ಲಿ ಭೇಳಪುರಿ. ಹಜಾರಿ ಕಾರಂಜೆಯೆಂಬ ಕಮಲದಾಕಾರದ ನೀರ್ಬುಗ್ಗೆಯ ತೊಟ್ಟಿಯೊಂದಿದೆ. ಹದಿನಾರು ದಳಗಳು. ನೋಡತಕ್ಕದ್ದೆ.

ಆದರೆ ಜನ ನೋಡಲು ಬರುವುದು ಇದನ್ನಲ್ಲ ಎಂಬುದು ನಿಮಗೂ ಗೊತ್ತು. ಅವರು ಕೇಳಲು ಬರುತ್ತಾರೆ. ಹುಣ್ಣಿಮೆಯ ರಾತ್ರಿ (ಕೆಲವರ ಮತದಲ್ಲಿ ಅಮವಾಸ್ಯೆಯ ರಾತ್ರಿ) ಈ ಗೋಡೆಗಳೊಳಗಿಂದ "ಕಾಕಾ, ಮಲಾ ವಾಚವಾ" ಎಂಬ ಎಳೆಯ ದನಿ ಕೇಳಿಸುತ್ತದೆಂದು ಪ್ರತೀತಿ. ಕಾಕಾ, ನನ್ನನ್ನು ಉಳಿಸು. ಕೊಲೆಯಾದ ನಾರಾಯಣರಾಯ ಪೇಶ್ವೆಯ ಕೂಗು ಅದು. ಈ ಕೂಗಿನ ಮೊದಲನೆಯ ಪದಕ್ಕೂ ನಾನು ಅರ್ಥ ಹೇಳಬೇಕಾಗಿಲ್ಲ. ತಂದೆಯ ತಮ್ಮನನ್ನು ನಾವೂ ಕಾಕಾ ಎಂದೆ ಕರೆಯುತ್ತೇವೆ. ಪುಣೆಗೆ ಬಂದ ಹೊಸತರಲ್ಲಿ ನನಗೆ ಮರಾಠಿ ಸರಿಯಾಗಿ ತಿಳಿಯುತ್ತಿರಲಿಲ್ಲ. ಆದರೆ ಈ ಕತೆ ಕೇಳಿದಂದು ಆ ಒಂದು ಪದ ನೆಟ್ಟಗೆ ಬಂದು ತಾಕಿತು.

ಆಗ, 1974ರಲ್ಲಿ, ನಾನು ಕಾಲೇಜಿನ ವಿದ್ಯಾರ್ಥಿ. ಶನಿವಾರ ಪೇಟೆಯ ಒಂದು ಖೋಲಿಯಲ್ಲಿ ನಾವು ನಾಲ್ವರು ಕನ್ನಡ ಹುಡುಗರು. ಊಟ ಖಾನಾವಳಿಯಲ್ಲಿ. ಒಂದು ಅಮವಾಸ್ಯೆಯ ದಿನ ಊಟವಾದ ಮೇಲೆ ಪಂಥ ಬಿದ್ದಿತು. ಕತ್ತಲಾದ ಮೇಲೆ ಒಳಗೆ ಬಿಡುವುದಿಲ್ಲವಾದ್ದರಿಂದ, ನಾನೂ ಬಿಜಾಪುರದ ಕಡೆಯ ಒಬ್ಬ ಗೆಳೆಯನೂ ನಡುರಾತ್ರಿ ನಾರಾಯಣ ದರವಾಜೆಯ ಹೊರಗೆ ನಿಂತು ಕೇಳತಕ್ಕದ್ದೆಂದು ಗೊತ್ತಾಯಿತು. ರಾಯರ ದೇಹವನ್ನು ಹೊರಗೆ ಒಯ್ದದ್ದು ಆ ಬಾಗಿಲಿನಿಂದಲೆ, ಹೆಸರೂ ಅದರಿಂದಲೆ ಬಂದುದೆಂದು ಹೇಳುತ್ತಾರೆ. ಒಂದು ತಾಸಿನ ಮೇಲೆ ನಿಂತೆವು. ನಾಯಿಗಳು ಬೊಗಳಿದವು. ಮುಠಾ ನದಿಯ ಸೇತುವೆಯ ಮೇಲೆ ಒಂದು ಲಾರಿ ಹೋಯಿತು. ಒಂದು ಬಾವಲಿ ನಮ್ಮ ತಲೆಯ ಮೇಲಿಂದ ಹಾರಿತು, ಆಗ ನಾವು ಒಬ್ಬರ ಕೈ ಒಬ್ಬರು ಹಿಡಿದುಕೊಂಡದ್ದುಂಟು. ಇಷ್ಟೆ. ಕೂಗು ಕೇಳಿಸಲಿಲ್ಲ.

ಮರುದಿನ ಬೆಳಿಗ್ಗೆ ಖಾನಾವಳಿಯಲ್ಲಿ ನನ್ನ ಗೆಳೆಯ, ನಾವು ಕೂಗನ್ನು ಕೇಳಿದೆವೆಂದು ಎಲ್ಲರಿಗೂ ಹೇಳಿಬಿಟ್ಟ. "ಹೌದೇನು?" ಎಂದು ನನ್ನ ಕಡೆ ತಿರುಗಿದರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ತಲೆ ತಗ್ಗಿಸಿ ಭಾಕರಿ ಮುರಿದೆ. ಅಂದಿನಿಂದ ಆ ಖಾನಾವಳಿಯ ಮಟ್ಟಿಗೆ ಶನಿವಾರ ವಾಡೆಯ ದೆವ್ವಕ್ಕೆ ಇಬ್ಬರು ಸಾಕ್ಷಿಗಳು. ದೆವ್ವಗಳು ಹುಟ್ಟುವುದು ಎಷ್ಟು ಸುಲಭ ನೋಡಿ. ಹೇಳುವವನೊಬ್ಬ, ಸುಮ್ಮನಿರುವವನೊಬ್ಬ.

ಆಮೇಲೆ ನಾನು ಇತಿಹಾಸ ಓದಿದೆ. ಓದಿದ ಮೇಲೆ ತಿಳಿದ ಮೊದಲನೆಯ ಸಂಗತಿಯೆಂದರೆ, ಆ ಕೊಲೆ ರಾತ್ರಿ ಆಗಲೆ ಇಲ್ಲ. ಅದು 1773ರ ಆಗಸ್ಟ್ 30, ಸೋಮವಾರ, ಗಣೇಶನ ಹಬ್ಬದ ದಿನಗಳು, ಹಾಡುಹಗಲು, ಊಟದ ನಂತರದ ಹೊತ್ತು. ನಾರಾಯಣರಾಯರಿಗೆ ಆಗಷ್ಟೆ ಹದಿನೆಂಟು ತುಂಬಿತ್ತು. ಅಣ್ಣ ಮಾಧವರಾಯರು 1772ರ ನವೆಂಬರಿನಲ್ಲಿ ಥೇವೂರಿನಲ್ಲಿ ಕ್ಷಯದಿಂದ ತೀರಿಕೊಂಡು, ಪೇಶ್ವೆಗಿರಿ ಈ ಹುಡುಗನ ಪಾಲಿಗೆ ಬಂದಿತ್ತು. ತಂದೆಯ ತಮ್ಮ ರಘುನಾಥರಾಯರು, ಅಂದರೆ ರಾಘೋಬಾದಾದಾ, ಅದೆ ವಾಡೆಯಲ್ಲಿ ಕಾವಲಿನಲ್ಲಿದ್ದರು. ಅವರ ಪಕ್ಷದವರು ವಾಡೆಯ ಪಹರೆಗಿದ್ದ ಗಾರ್ದಿ ಸಿಪಾಯಿಗಳೊಂದಿಗೆ ಒಳಸಂಚು ನಡೆಸಿದರು. ನಾರಾಯಣರಾಯರನ್ನು ಹಿಡಿಯಬೇಕೆಂದು ರಘುನಾಥರಾಯರು ಬರೆದುಕೊಟ್ಟ ಕಾಗದದಲ್ಲಿ 'ಧರಾವೆ' ಎಂದಿದ್ದುದನ್ನು 'ಮಾರಾವೆ' ಎಂದು ತಿದ್ದಿದರೆಂದೂ, ತಿದ್ದಿದವರು ಅವರ ಪತ್ನಿ ಆನಂದೀಬಾಯಿಯೆಂದೂ ಪ್ರಸಿದ್ಧವಾಗಿದೆ. ಮರಾಠಿಯಲ್ಲಿ 'ಧ'ದ 'ಮಾ' ಮಾಡುವುದೆಂಬ ನಾಣ್ನುಡಿಯೆ ಹುಟ್ಟಿಕೊಂಡಿತು. ಹೆಂಗಸಿನ ಮೇಲೆ ತಪ್ಪು ಹೊರಿಸುವುದಿದ್ದರೆ ಜನಕ್ಕೆ ಒಂದಕ್ಷರ ಸಾಕು. ಹಿಡಿಯಿರೆಂದು ಬರೆದ ಕೈ ಯಾವುದೆಂದು ಮಾತ್ರ ಅಷ್ಟು ಜೋರಾಗಿ ಯಾರೂ ಕೇಳುವುದಿಲ್ಲ.

ಗ್ರಾಂಟ್ ಡಫ್ ಎಂಬ ಸ್ಕಾಟ್ಲೆಂಡಿನ ಇತಿಹಾಸಕಾರನು ಆ ದಿನದ ಸಂಗತಿಗಳನ್ನು ಒಂದೊಂದಾಗಿ ಬರೆದಿಟ್ಟಿದ್ದಾನೆ. ಅದರಲ್ಲಿ ಒಂದು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಏನೋ ಗದ್ದಲವಾಗುವ ಸೂಚನೆ ಆ ಬೆಳಿಗ್ಗೆಯೆ ನಾರಾಯಣರಾಯರಿಗೆ ಸಿಕ್ಕಿತ್ತು. ಅವರು ಹರಿಪಂತ ಫಡಕೆಯವರಿಗೆ ಹೇಳಿ, ಬಂದೋಬಸ್ತು ಮಾಡಿರೆಂದರು. ಹರಿಪಂತರು ಆಗಲಿ ಎಂದರು. ಆದರೆ ಅವರಿಗೆ ಅಂದು ನೆಂಟರೊಬ್ಬರ ಮನೆಯಲ್ಲಿ ಊಟವಿತ್ತು. ಊಟ ಮುಗಿಸಿ ಬಂದು ಮಾಡಿದರಾಯಿತು ಎಂದು ಹೋದರು. ಹರಿಪಂತರು ಕೆಟ್ಟವರಲ್ಲ. ಮುಂದೆ ಮರಾಠರ ದಂಡನ್ನು ನಡೆಸಿ ಹೆಸರಾದವರು. ಆದರೆ ಅವರು ಊಟ ಮುಗಿಸುವುದರೊಳಗೆ ವಾಡೆಯಲ್ಲಿ ಎಲ್ಲ ಮುಗಿದಿತ್ತು.

ಗಾರ್ದಿಗಳು ಸಂಬಳದ ಬಾಕಿಯ ನೆಪದಿಂದ ಒಳಗೆ ನುಗ್ಗಿದರು. ಹುಡುಗ ಓಡಿದ. ಎಲ್ಲಿಗೆ ಓಡಿದ? ಕಾಕಾನ ಕೋಣೆಗೆ. ಇದನ್ನು ನಾವು ಗಮನಿಸಬೇಕು. ಪ್ರಾಣಕ್ಕೆ ಬಂದಾಗ ಅವನ ಕಾಲುಗಳು ತಾವಾಗಿಯೆ ಹುಡುಕಿದ್ದು ಕಾಕಾನನ್ನು. ಕಾಕಾನ ಕೊರಳು ತಬ್ಬಿಕೊಂಡು ಉಳಿಸೆಂದು ಬೇಡಿದ. ರಘುನಾಥರಾಯರು ಗಾರ್ದಿಗಳನ್ನು ತಡೆಯಲು ಒಂದೆರಡು ಮಾತು ಆಡಿದರೆಂದೂ ಡಫ್ ಬರೆಯುತ್ತಾನೆ. ಸುಮೇರಸಿಂಗ ಗಾರ್ದಿ, ಇಷ್ಟು ದೂರ ಬಂದು ನಾನು ಹಾಳಾಗಲಾರೆ, ಅವನನ್ನು ಬಿಡು, ಇಲ್ಲವಾದರೆ ನೀನೂ ಸಾಯುವೆ ಎಂಬರ್ಥದಲ್ಲಿ ಗದರಿದ. ಆಗ ಕಾಕಾ ಆ ಹುಡುಗನ ಕೈಗಳನ್ನು ಬಿಡಿಸಿಕೊಂಡು ಮಾಳಿಗೆಯ ಮೇಲೆ ಹೋದರು.

ಹುಡುಗನೂ ಬೆನ್ನುಹತ್ತಿ ಹೋಗಲು ನೋಡಿದ. ತುಳಾಜಿ ಪವಾರನೆಂಬವನು ಕಾಲು ಹಿಡಿದು ಕೆಳಗೆಳೆದ. ಅಷ್ಟರಲ್ಲಿ ಚಾಪಾಜಿ ಟಿಳೇಕರನೆಂಬ ಸೇವಕ ಒಳಗೆ ಬಂದ. ಕೈಯಲ್ಲಿ ಯಾವ ಆಯುಧವೂ ಇರಲಿಲ್ಲ. ಒಡೆಯನ ಮೇಲೆ ಅಡ್ಡಬಿದ್ದ. ನಾರಾಯಣರಾಯ ಈಗ ಅವನ ಕೊರಳು ತಬ್ಬಿಕೊಂಡ. ಇಬ್ಬರನ್ನೂ ಒಟ್ಟಿಗೆ ಕಡಿದರು.

ದೆವ್ವದ ಕತೆಯಲ್ಲಿ ಚಾಪಾಜಿ ಇಲ್ಲ. ಅವನು ಎಂದೂ ಯಾರಿಗೂ ಕಾಣಿಸಿಕೊಂಡಿಲ್ಲ, ಅಮವಾಸ್ಯೆಯಂದು ಕೂಗಿಲ್ಲ. ಅವನ ಹೆಸರು ಹೇಳಿ ನೋಡಿದರೆ ವಾಡೆಗೆ ಬಂದ ನೂರರಲ್ಲಿ ತೊಂಬತ್ತು ಜನ ಯಾರವನು ಎನ್ನುತ್ತಾರೆ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ರಾಮಶಾಸ್ತ್ರಿ ಪ್ರಭುಣೆಯೆಂಬ ನ್ಯಾಯಾಧೀಶರು ವಿಚಾರಣೆ ನಡೆಸಿ, ತಿದ್ದಿದ ಕಾಗದವನ್ನೂ ಪತ್ತೆಮಾಡಿ, ಹೊಸ ಪೇಶ್ವೆಯಾದ ರಘುನಾಥರಾಯರೆದುರಿಗೆ ನಿಂತು, ಈ ಪಾಪಕ್ಕೆ ಪ್ರಾಣವಲ್ಲದೆ ಬೇರೆ ಪ್ರಾಯಶ್ಚಿತ್ತವಿಲ್ಲವೆಂದರು. ಅಂದು ಪುಣೆ ಬಿಟ್ಟು ವಾಯಿಯ ಕಡೆಗೆ ಹೊರಟುಹೋದರು. ರಘುನಾಥರಾಯರು ನಮ್ಮ ಕರ್ನಾಟಕದ ಕಡೆ ದಂಡು ತೆಗೆದುಕೊಂಡು ಹೋಗಿದ್ದಾಗ ಪುಣೆಯ ಮುತ್ಸದ್ದಿಗಳು ಅವರ ಬೆನ್ನಹಿಂದೆ ಒಂದಾದರು. ಬಸುರಿಯಾಗಿದ್ದ ಗಂಗಾಬಾಯಿಯನ್ನು ಪುರಂದರದ ಕೋಟೆಯಲ್ಲಿ ಕಾಪಾಡಿದರು. 1774ರ ಏಪ್ರಿಲ್ 18ರಂದು ಹುಟ್ಟಿದ ಕೂಸನ್ನೆ ಪೇಶ್ವೆಯನ್ನಾಗಿ ಮಾಡಿದರು. ಆ ಸವಾಯಿ ಮಾಧವರಾಯರೂ 1795ರಲ್ಲಿ ಇದೆ ವಾಡೆಯ ಮಾಳಿಗೆಯಿಂದ ಬಿದ್ದು ಸತ್ತರು. ಆಗ ಅವರಿಗೆ ಇಪ್ಪತ್ತೊಂದು. ಖಾಡಿಲಕರರು ಈ ಎಲ್ಲವನ್ನೂ 'ಭಾವುಬಂದಕಿ' ಎಂಬ ನಾಟಕವಾಗಿ ಬರೆದರು. ಪ್ರಭಾತದವರು 1944ರಲ್ಲಿ 'ರಾಮಶಾಸ್ತ್ರಿ' ಎಂಬ ಚಿತ್ರ ತೆಗೆದರು. ಭಾವುಬಂದಕಿಗೆ ನಮ್ಮ ಮಾತು ದಾಯಾದಿ ಮತ್ಸರ. ಅದಕ್ಕೆ ಎಲ್ಲ ಭಾಷೆಗಳಲ್ಲಿಯೂ ಮಾತಿದೆ.

ಇಷ್ಟನ್ನು ನಾನು ಹತ್ತಾರು ಸಲ ನೆಂಟರಿಗೆ ಹೇಳಿದ್ದೇನೆ. ಎರಡು ವರ್ಷಗಳ ಹಿಂದೆ ಬೀಗರ ಕಡೆಯ ಒಂದು ಕುಟುಂಬ ಬಂದಿತ್ತು. ಜೊತೆಗೆ ಏಳೆಂಟು ವರ್ಷದ ಹುಡುಗಿ. ನಾರಾಯಣ ದರವಾಜೆಯ ಹತ್ತಿರ ನಿಂತು ನಾನು ಎಂದಿನಂತೆ, ತುಸು ನಟಿಸಿಯೆ, ಕೂಗನ್ನು ಕೂಗಿ ತೋರಿಸಿದೆ. ದೊಡ್ಡವರು ನಕ್ಕರು. ಹುಡುಗಿ ನಗಲಿಲ್ಲ. "ಅಜ್ಜಾ, ಅವರ ಕಾಕಾಗ ಕೇಳಿಸಲಿಲ್ಲೇನ್ರಿ?" ಎಂದು ಕೇಳಿದಳು. "ಕೇಳಿಸಿತವ್ವಾ" ಎಂದೆ. ಮುಂದೆ ಏನೂ ಹೇಳಲು ತಿಳಿಯಲಿಲ್ಲ. ಏಕೆಂದರೆ ಆ ಕ್ಷಣಕ್ಕೆ ನನಗೆ ನೆನಪಾದದ್ದು ಪೇಶ್ವೆಯಲ್ಲ, ನನ್ನ ಮೇಜಿನ ಖಾನೆಯಲ್ಲಿದ್ದ ಒಂದು ಕಾಗದ.

ಕಾಗದ ನನ್ನ ಅಣ್ಣನ ಮಗನದು. ಅಣ್ಣ ತೀರಿಕೊಂಡ ಮೇಲೆ ಅವನೊಬ್ಬನೆ ಊರಲ್ಲಿ ಕಮತ ನೋಡಿಕೊಂಡಿದ್ದಾನೆ. ಎರೆ ಹೊಲ. ಪಕ್ಕದ ಹೊಲ ನಮ್ಮ ಇನ್ನೊಬ್ಬ ಅಣ್ಣನದು. ಪ್ರತಿವರ್ಷ ಹರಗುವಾಗ ಬದು ತುಸು ತುಸು ಈಚೆಗೆ ಸರಿಯುತ್ತದೆಂದೂ, ಈಗ ವಾಟಣಿ ಪತ್ರದ ಮೇಲೆ ಸಹಿ ಮಾಡೆಂದು ಒತ್ತಾಯವಿದೆಯೆಂದೂ, "ಕಾಕಾ, ನೀವು ಒಂದ ಸಲ ಬಂದು ಕುಂತು ಮಾತಾಡಿದ್ರ ದೊಡ್ಡಪ್ಪ ನಿಮ್ಮ ಮಾತು ಮೀರೂದಿಲ್ಲ" ಎಂದೂ ಬರೆದಿದ್ದ. ನಾನು ಓದಿದೆ, ಮಡಿಚಿಟ್ಟೆ. ಇಬ್ಬರೂ ನಮ್ಮವರೆ, ಯಾರ ಕಡೆ ಮಾತಾಡಲಿ? ಮೊಣಕಾಲು ನೋವು. ಮಳೆಗಾಲ. ಹಬ್ಬ ಮುಗಿಯಲಿ. ನಾಲ್ಕು ತಿಂಗಳಾಗಿತ್ತು.

ಬೀಗರನ್ನು ಗಾಡಿ ಹತ್ತಿಸಿ, ಮರುದಿನವೆ ನಾನು ಊರಿಗೆ ಹೊರಟೆ. ಹುಬ್ಬಳ್ಳಿಯಲ್ಲಿಳಿದು ಬಸ್ಸು ಹಿಡಿದು ಮನೆ ಮುಟ್ಟುವಾಗ ಮಧ್ಯಾಹ್ನ. ಹುಡುಗ ಕಾಲು ಮುಟ್ಟಿ ನಮಸ್ಕಾರ ಮಾಡಿದ, ನೀರು ಕೊಟ್ಟ. ನಾನು ಕಾಗದದ ಮಾತು ತೆಗೆದೆ. "ಅದು ಮುಗೀತ್ರಿ ಕಾಕಾ. ಹೋದ ತಿಂಗಳ ಸಹಿ ಮಾಡಿಕೊಟ್ಟೆ" ಎಂದ. ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ಊಟಕ್ಕೆ ಏಳಿರೆಂದ. ಬಿಸಿ ರೊಟ್ಟಿ, ಎಣ್ಣೆಗಾಯಿ. ಪುಣೆಯಲ್ಲಿ ಎಲ್ಲರೂ ಆರಾಮವೆ ಎಂದು ವಿಚಾರಿಸಿದ. ಸಂಜೆ ನಾನೊಬ್ಬನೆ ಹೊಲದ ಕಡೆ ಹೋಗಿ ನೋಡಿ ಬಂದೆ. ಹೊಸ ಬದು ನೆಟ್ಟಗೆ, ಚೊಕ್ಕಟವಾಗಿ ಇತ್ತು. ನಾನು ಸಣ್ಣವನಿದ್ದಾಗ ಹತ್ತುತ್ತಿದ್ದ ಬನ್ನಿಮರ ಆಚೆಗೆ ಹೋಗಿತ್ತು.

ಅವನು ಆಮೇಲೆ ನನಗೆ ಕಾಗದ ಬರೆದಿಲ್ಲ. ದೂರವಾಣಿಯಲ್ಲಿ ನಾನೆ ಮಾತಾಡುತ್ತೇನೆ. ಪುಣೆ ನೋಡಲು ಬಾರೋ ಎಂದರೆ, ಜೋಳದ ಸುಗ್ಗಿ ಮುಗಿದ ಮೇಲೆ ಬರುವೆನೆನ್ನುತ್ತಾನೆ. ಹಿಂದಿನ ಸುಗ್ಗಿಗೂ ಹೀಗೆಯೆ ಹೇಳಿದ್ದ. ಬಂದರೆ ಪರ್ವತಿಗೂ ಸಿಂಹಗಡಕ್ಕೂ ಕರೆದುಕೊಂಡು ಹೋಗುವ ಮನಸ್ಸಿದೆ. ಶನಿವಾರ ವಾಡೆಗೂ ಕರೆದೊಯ್ಯಬೇಕಾಗುತ್ತದೆ. ಊರಿನವರು ಅದನ್ನು ಕೇಳದೆ ಬಿಡುವುದಿಲ್ಲ. ಆದರೆ ನಾರಾಯಣ ದರವಾಜೆಯ ಮುಂದೆ ನಾನು ಕೂಗಿ ತೋರಿಸುವುದಿಲ್ಲ. ಚಾಪಾಜಿ ಟಿಳೇಕರನ ಕತೆ ಹೇಳಬೇಕೆಂದಿದ್ದೇನೆ.

ಪ್ರೇಕ್ಷಣೀಯ ಸ್ಥಳಗಳಲ್ಲಿ ಒಂದೇ ಆಯಿತು, ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ಉಳಿದವನ್ನು ಗಟ್ಟಿ ಮೊಣಕಾಲಿನವರು ಯಾರಾದರೂ ಮುಂದಿನ ತಿಂಗಳು ತೋರಿಸಲಿ.